ಪ್ಲಾಸ್ಮಾ: ಕುಂಬಾರಿಕೆಯಿಂದ ಹೊರಟ ಮಾತು

ಮಡಿವಾಳದಿಂದ ಸರ್ಜಾಪುರ ರಸ್ತೆ ಹಿಡಿದರೆ ನಡೆಯುವಷ್ಟೇ ದೂರದಲ್ಲಿ ಸೇಂಟ್ ಜಾನ್ಸ್ ಆಸ್ಪತ್ರೆ. ಅದರ ಆಸುಪಾಸಿನಲ್ಲೇ, ಕೋರಮಂಗಲ ಎರಡನೇ ಬ್ಲಾಕಿನಲ್ಲಿ, ಭಾರತೀಯ ಖಭೌತವಿಜ್ಞಾನ ಸಂಸ್ಥೆ, ಅಂದರೆ ಐಐಎ. ಎರಡೂ ಕಡೆ ‘ಪ್ಲಾಸ್ಮಾ’ ಎಂಬುದು ದಿನಬಳಕೆಯ ಮಾತು. ಆಸ್ಪತ್ರೆಯವರ ಪ್ಲಾಸ್ಮಾ ರಕ್ತದಿಂದ ಬೇರ್ಪಡಿಸಿದ ತಿಳಿಹಳದಿ ದ್ರವ. ಚೀಲದಲ್ಲಿ ತುಂಬಿ, ಸೊನ್ನೆಗಿಂತ 18 ಡಿಗ್ರಿಯಾದರೂ ಕೆಳಗಿನ ಥಂಡಿಯಲ್ಲಿ ಕಲ್ಲಿನಂತೆ ಗಟ್ಟಿಮಾಡಿ ಇಡುತ್ತಾರೆ. ಖಭೌತ ವಿಜ್ಞಾನಿಗಳ ಪ್ಲಾಸ್ಮಾ 15 ಕೋಟಿ ಕಿಲೋಮೀಟರ್ ಆಚೆ, ಸೂರ್ಯನ ಸುತ್ತಲಿನ ಕರೋನಾ ಎಂಬ ಪ್ರಭೆಯಲ್ಲಿ, ಹತ್ತಿಪ್ಪತ್ತು ಲಕ್ಷ ಡಿಗ್ರಿ ಬಿಸಿಯಲ್ಲಿದೆ.

ಇವು ಆಕಸ್ಮಿಕವಾಗಿ ಒಂದೇ ಕಾಗುಣಿತ ಪಡೆದ ಎರಡು ಪದಗಳಲ್ಲ. ಪದ ಒಂದೇ. ರಕ್ತದ ಹೆಸರನ್ನು ಭೌತವಿಜ್ಞಾನಿಯೊಬ್ಬ ತಿಳಿದೂ ತಿಳಿದೇ ಎರವಲು ತಂದ. ಏಕೆ ತಂದ ಎಂಬುದು ಗೊತ್ತಾದರೆ ಪ್ಲಾಸ್ಮಾ ಎಂದರೇನೆಂಬುದು ಅರ್ಧ ಅರ್ಥವಾದಂತೆ. ಅದು ಗೊತ್ತಿಲ್ಲದ ಕಾರಣಕ್ಕೇ ‘ತುಂಬ ಕಾದ ಅನಿಲ’ ಎಂಬ ಅರೆಬರೆ ವಿವರಣೆ ನಮ್ಮಲ್ಲಿ ಇಷ್ಟು ದಿನ ಬಾಳಿದೆ. ಈ ಪದದ ಹಾದಿಯನ್ನು ಹಿಂದಿನಿಂದ ಹುಡುಕಿಕೊಂಡು ಬರಬೇಕೆನಿಸುವುದು ಅದಕ್ಕೇ.

ಮೂಲ ಗ್ರೀಕ್. ‘ಪ್ಲಾಸ್ಸೈನ್’ ಎಂಬ ಧಾತುವಿಗೆ ಜೇಡಿಮಣ್ಣನ್ನೋ ಮೇಣವನ್ನೋ ಒತ್ತಿ, ತಿದ್ದಿ, ರೂಪ ಕೊಡುವುದು ಎಂದರ್ಥ. ಹಾಗೆ ರೂಪಗೊಂಡದ್ದು ‘ಪ್ಲಾಸ್ಮಾ’. ಮಡಕೆ ಪ್ಲಾಸ್ಮಾ, ಮಣ್ಣಿನ ಬೊಂಬೆ ಪ್ಲಾಸ್ಮಾ. ಬೈಬಲಿನ ರೋಮಾಪುರದವರಿಗೆ ಬರೆದ ಪತ್ರದಲ್ಲಿ ಕುಂಬಾರ ಮತ್ತು ಮಡಕೆಯ ಪ್ರಸಂಗ ಬರುತ್ತದಲ್ಲ, ಅಲ್ಲಿ ಮಾಡಿದವನನ್ನು ಪ್ರಶ್ನಿಸುವ ವಸ್ತುವಿಗೆ ಗ್ರೀಕ್ ಮೂಲದಲ್ಲಿರುವ ಪದ ಇದೇ. ಗ್ರೀಕ್ ಅಲಂಕಾರಶಾಸ್ತ್ರಜ್ಞರಿಗೆ ಪ್ಲಾಸ್ಮಾ ಎಂದರೆ ಇನ್ನೊಂದರ್ಥವೂ ಇತ್ತು. ನಡೆದದ್ದು ಇತಿಹಾಸ, ನಡೆಯಲಾರದ್ದು ಪುರಾಣ, ನಡೆಯದಿದ್ದರೂ ನಡೆಯಬಹುದಾದದ್ದು ಪ್ಲಾಸ್ಮಾ. ಅಂದರೆ ಕಟ್ಟುಕಥೆ. ಕನ್ನಡದವರು ಕಥೆಯನ್ನು ಕಟ್ಟುತ್ತಾರೆ, ಗ್ರೀಕರು ಮಣ್ಣಿನಂತೆ ಮಿದ್ದುತ್ತಿದ್ದರು.

ಈ ಧಾತುವಿನ ಸಂತತಿ ದೊಡ್ಡದು. ಗಾಯಕ್ಕೂ ಗೋಡೆಗೂ ಹಚ್ಚುವ ಪ್ಲಾಸ್ಟರ್ ಇದರ ಕುಡಿ. ಪ್ಲಾಸ್ಟಿಕ್ ಕೂಡ. ಪ್ಲಾಸ್ಟಿಕ್ ಸರ್ಜರಿ ಎಂಬ ಮಾತು ಪ್ಲಾಸ್ಟಿಕ್ ಚೀಲಕ್ಕಿಂತ ಹಳೆಯದು, ಅದಕ್ಕೂ ಈ ವಸ್ತುವಿಗೂ ಸಂಬಂಧವಿಲ್ಲ. ರೂಪ ತಿದ್ದುವ ಶಸ್ತ್ರಚಿಕಿತ್ಸೆ ಎಂದಷ್ಟೇ ಅರ್ಥ. ಇಲ್ಲಿ ನಮ್ಮ ನೆಲಕ್ಕೆ ಹತ್ತಿರದ ಒಂದು ಪ್ರಸಂಗ ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಒಂದು ಪತ್ರವನ್ನು ಚಿತ್ರಸಮೇತ ಅಚ್ಚುಹಾಕಿತು. ಅದರ ಪ್ರಕಾರ, 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ದಂಡಿಗೆ ಎತ್ತು ಹೊಡೆಯುತ್ತಿದ್ದ ಕಾವಸ್ಜಿ ಎಂಬವನು ಟಿಪ್ಪುವಿನ ಸೈನ್ಯಕ್ಕೆ ಸೆರೆ ಸಿಕ್ಕಿದ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು. ಶ್ರೀರಂಗಪಟ್ಟಣದ ಬಳಿ ಮುಂಬೈ ಸೈನ್ಯವನ್ನು ಕೂಡಿಕೊಂಡ ಅವನು ಒಂದು ವರ್ಷ ಮೂಗಿಲ್ಲದೆ ಇದ್ದ. ಆಮೇಲೆ ಪುಣೆಯ ಹತ್ತಿರ, ಇಟ್ಟಿಗೆ ಮಾಡುವ ಜಾತಿಯವನೊಬ್ಬ ಹಣೆಯ ಚರ್ಮವನ್ನೇ ಕೆಳಕ್ಕೆ ತಿರುಗಿಸಿ ಹೊಸ ಮೂಗು ಕೂಡಿಸಿದ. ಆ ವರದಿಯಿಂದ ಪ್ರೇರಿತನಾಗಿ ಲಂಡನ್ನಿನ ಜೋಸೆಫ್ ಕಾರ್ಪ್ಯೂ ಅದೇ ವಿಧಾನ ಪ್ರಯೋಗಿಸಿ 1816ರಲ್ಲಿ ಪುಸ್ತಕ ಬರೆದ. ಎರಡು ವರ್ಷದ ಮೇಲೆ ಜರ್ಮನಿಯ ಕಾರ್ಲ್ ಗ್ರೇಫ ತನ್ನ ಗ್ರಂಥಕ್ಕೆ ‘ರೈನೋಪ್ಲಾಸ್ಟಿಕ್’ ಎಂದು ಹೆಸರಿಟ್ಟ. ನಾಸಿಕವನ್ನು ರೂಪಿಸುವ ವಿದ್ಯೆ. ಮಣ್ಣು ತಿದ್ದುವವನಿಗೆ ಸಲ್ಲುವ ಗ್ರೀಕ್ ಧಾತು ವೈದ್ಯಕ್ಕೆ ಹೀಗೆ ಒದಗಿದಾಗ, ಅದರ ಹಿನ್ನೆಲೆಯಲ್ಲಿ ನಿಜವಾಗಿಯೂ ಮಣ್ಣಿನ ಕೆಲಸದವನ ಕೈ ಇತ್ತು. ಆ ಗ್ರಂಥಗಳಲ್ಲಿ ವೈದ್ಯರ ಹೆಸರು ಉಳಿದಿದೆ, ಆ ಇಟ್ಟಿಗೆಯವನ ಹೆಸರು ಇಲ್ಲ. ಇರಬೇಕಿತ್ತು.

ಮುಂದೆ ಈ ಪದವನ್ನು ಜೀವಶಾಸ್ತ್ರ ಎತ್ತಿಕೊಂಡಿತು. 1839ರ ಹೊತ್ತಿಗೆ ಚೆಕ್ ಶರೀರವಿಜ್ಞಾನಿ ಯಾನ್ ಪುರ್ಕಿನ್ಯೆ ಭ್ರೂಣ ರೂಪುಗೊಳ್ಳುವ ಮೊದಲ ದ್ರವ್ಯವನ್ನು ‘ಪ್ರೋಟೋಪ್ಲಾಸ್ಮಾ’ ಎಂದ. ಚರ್ಚಿನ ಪರಿಭಾಷೆಯಲ್ಲಿ ‘ಪ್ರೋಟೋಪ್ಲಾಸ್ಟ್’ ಎಂಬ ಮಾತು ಮೊದಲೇ ಇತ್ತು: ಮೊಟ್ಟಮೊದಲು ರೂಪಿಸಲ್ಪಟ್ಟವನು, ಆದಾಮ. 1846ರಲ್ಲಿ ಹ್ಯೂಗೋ ಫಾನ್ ಮೋಲ್ ಸಸ್ಯಕೋಶದೊಳಗಿನ ಲೋಳೆಗೆ ಪ್ರೋಟೋಪ್ಲಾಸಂ ಎಂಬ ಹೆಸರನ್ನು ಗಟ್ಟಿಮಾಡಿದ. ನಾವು ಅದನ್ನು ಜೀವದ್ರವ್ಯ ಎಂದೆವು, ಒಳ್ಳೆಯ ಅನುವಾದ. ಅದೇ ಕಾಲದಲ್ಲಿ ರಕ್ತದ ಕಣಗಳನ್ನು ತೇಲಿಸಿಕೊಂಡು ಹೋಗುವ ದ್ರವಭಾಗಕ್ಕೂ ಪ್ಲಾಸ್ಮಾ ಎಂಬ ಹೆಸರು ಅಂಟಿತು. ರಕ್ತದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಈ ದ್ರವವೇ. ಅದರಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರು, ಉಳಿದದ್ದು ಪ್ರೋಟೀನು, ಲವಣ ಇತ್ಯಾದಿ. ಇಲ್ಲಿಗೆ ಪದದ ಅರ್ಥ ಅರ್ಧ ಮಗುಚಿಕೊಂಡಿತ್ತು. ‘ರೂಪಗೊಂಡದ್ದು’ ಎಂಬ ಅರ್ಥ ಹೋಗಿ, ತನಗೇ ರೂಪವಿಲ್ಲದ, ಬೇರೆಯದನ್ನು ಹೊತ್ತೊಯ್ಯುವ ಹರಿವು ಎಂಬ ಅರ್ಥ ಬಂದಿತ್ತು. ಈ ‘ಹೊತ್ತೊಯ್ಯುವ’ ಗುಣವೇ ಮುಂದೆ ಭೌತವಿಜ್ಞಾನಿಯ ಕಣ್ಣಿಗೆ ಬಿದ್ದದ್ದು.

ಪದಕ್ಕಿಂತ ಪದಾರ್ಥ ಹಳೆಯದು. ಹೆಸರಿಡುವ ಮೊದಲೇ ನಮ್ಮ ನಾಡಿನಿಂದ ಅದನ್ನು ನೋಡಿಯಾಗಿತ್ತು. 1868ರ ಆಗಸ್ಟ್ 18ರಂದು ಪೂರ್ಣ ಸೂರ್ಯಗ್ರಹಣದ ನೆರಳು ಭಾರತವನ್ನು ಅಡ್ಡಹಾಯ್ದು ಹೋಯಿತು. ಫ್ರಾನ್ಸಿನ ಜಾನ್ಸೆನ್ ಗುಂಟೂರಿನಲ್ಲಿ ಬೀಡುಬಿಟ್ಟಿದ್ದರೆ, ಲಂಡನ್ನಿನ ರಾಯಲ್ ಸೊಸೈಟಿಯ ಪರವಾಗಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ ರೋಹಿತದರ್ಶಕ ಹೂಡಿ ಕಾದಿದ್ದ. ಮೋಡಗಳು ಕಾಡಿದವು. ಆದರೂ ಸಿಕ್ಕ ಕೆಲವೇ ಕ್ಷಣಗಳಲ್ಲಿ ಸೂರ್ಯನ ಅಂಚಿನಿಂದ ಚಾಚಿದ ಕೆಂಪು ನಾಲಗೆಗಳ ಬೆಳಕನ್ನು ಸೀಳಿ ನೋಡಿದ: ಬಿಡಿಬಿಡಿಯಾದ ಹೊಳೆವ ಗೆರೆಗಳು. ಹಾಗಾದರೆ ಅವು ಘನವೂ ಅಲ್ಲ, ದ್ರವವೂ ಅಲ್ಲ, ಉಜ್ವಲ ಅನಿಲ ಎಂದು ತಿಳಿಯಿತು. ‘ಅನಿಲ’ ಎನ್ನದೆ ಬೇರೇನನ್ನಾದರೂ ಎನ್ನಲು ಅಂದು ಪದವಿರಲಿಲ್ಲ.

ಆ ಗ್ರಹಣ ಮತ್ತು ಅದರ ಬೆನ್ನಿಗೆ ನಡೆದ ವೀಕ್ಷಣೆಗಳಲ್ಲಿ ಕಂಡ ಒಂದು ಹಳದಿ ಗೆರೆ ಭೂಮಿಯ ಯಾವ ಧಾತುವಿಗೂ ಹೊಂದಲಿಲ್ಲ. ಅದಕ್ಕೆ ಸೂರ್ಯನ ಗ್ರೀಕ್ ಹೆಸರಿನಿಂದ ಹೀಲಿಯಂ ಎಂದರು. 1895ರಲ್ಲಿ ವಿಲಿಯಂ ರಾಮ್ಸೆ ಅದನ್ನು ಭೂಮಿಯ ಖನಿಜದಲ್ಲೇ ಹಿಡಿದ; ಪದ ಉಳಿಯಿತು. ಆ ಗ್ರಹಣದ ಮರುವರ್ಷ, 1869ರ ಆಗಸ್ಟ್ 7ರ ಅಮೆರಿಕದ ಗ್ರಹಣದಲ್ಲಿ ಕರೋನಾದಿಂದ ಒಂದು ಹಸಿರು ಗೆರೆ ಕಂಡಿತು. ಅದೂ ಯಾವುದಕ್ಕೂ ಹೊಂದಲಿಲ್ಲ. ಅದಕ್ಕೂ ಒಂದು ಧಾತುವನ್ನು ಊಹಿಸಿ ‘ಕರೋನಿಯಂ’ ಎಂದರು. ಮೆಂಡಲೀವ್‌ನಂಥವನೂ ಜಲಜನಕಕ್ಕಿಂತ ಹಗುರವಾದ ಧಾತುಗಳ ಸಾಲಿನಲ್ಲಿ ಅದಕ್ಕೊಂದು ಜಾಗ ಆಲೋಚಿಸಿದ. ಎಪ್ಪತ್ತು ವರ್ಷ ಬಾಳಿದ ಈ ಪದ ಹೇಗೆ ಸತ್ತಿತು ಎಂಬುದಕ್ಕೆ ಮತ್ತೆ ಬರುತ್ತೇನೆ. ಐಐಎಯ ಇಂದಿನ ಕೆಲಸಕ್ಕೂ ಆ ಹಸಿರು ಗೆರೆಗೂ ನೇರ ನಂಟಿದೆ.

1879ರಲ್ಲಿ ವಿಲಿಯಂ ಕ್ರೂಕ್ಸ್ ಗಾಜಿನ ಕೊಳವೆಯಿಂದ ಗಾಳಿ ಹೊರಗೆಳೆದು, ವಿದ್ಯುತ್ ಹರಿಸಿ, ಒಳಗೆ ಕಂಡ ಹೊಳಪನ್ನು ‘ವಿಕಿರಣ ದ್ರವ್ಯ’ ಎಂದು ಕರೆದು, ಇದು ಘನ, ದ್ರವ, ಅನಿಲಗಳಾಚೆಗಿನ ನಾಲ್ಕನೆಯ ಸ್ಥಿತಿ ಎಂದ. ಆ ಹೆಸರು ನಿಲ್ಲಲಿಲ್ಲ, ‘ನಾಲ್ಕನೆಯದು’ ಎಂಬ ಎಣಿಕೆ ನಿಂತಿತು. 1920ರಲ್ಲಿ ಮೇಘನಾದ ಸಹಾ ಸೂರ್ಯನ ವರ್ಣಮಂಡಲದ ಮೇಲೆ ಬರೆದ ಲೇಖನದಲ್ಲಿ, ಎಷ್ಟು ಬಿಸಿಗೆ, ಎಷ್ಟು ಒತ್ತಡದಲ್ಲಿ, ಎಷ್ಟು ಪರಮಾಣುಗಳು ತಮ್ಮ ಎಲೆಕ್ಟ್ರಾನು ಕಳೆದುಕೊಂಡು ಅಯಾನುಗಳಾಗುತ್ತವೆ ಎಂದು ಲೆಕ್ಕಹಾಕುವ ಸಮೀಕರಣ ಕೊಟ್ಟರು. ನಕ್ಷತ್ರಗಳ ಬೆಳಕನ್ನು ಓದುವ ಕೀಲಿ ಅದು. ಸಹಾ ಅವರ ಸಮೀಕರಣವನ್ನು ಈಗ ಪ್ಲಾಸ್ಮಾ ಭೌತವಿಜ್ಞಾನದ ಪುಸ್ತಕಗಳ ಮೊದಲ ಪುಟಗಳಲ್ಲೇ ಅಚ್ಚುಮಾಡುತ್ತಾರೆ. ಅವರು ಅದನ್ನು ಬರೆದಾಗ ಆ ಅರ್ಥದ ಪ್ಲಾಸ್ಮಾ ಎಂಬ ಪದ ಹುಟ್ಟಿರಲಿಲ್ಲ. ಎಂಟು ವರ್ಷ ಕಾಯಬೇಕಿತ್ತು.

ಸಾಮಾನ್ಯವಾಗಿ ಪದಗಳಿಗೆ ಜಾತಕ ಬರೆಯಲಾಗುವುದಿಲ್ಲ. ಮಡಿವಾಳದ ಸೋಮೇಶ್ವರ ದೇವಸ್ಥಾನದ ಗೋಡೆಯ ಮೇಲೆ 1247ರ ಒಂದು ತಮಿಳು ಶಾಸನವಿದೆ; ವೆಂಗಳೂರಿನ ದೊಡ್ಡ ಕೆರೆಯ ಕೆಳಗಿನ ಭೂಮಿಯನ್ನು ದತ್ತಿ ಬಿಟ್ಟದ್ದನ್ನು ಅದು ಹೇಳುತ್ತದೆ. ಅಲ್ಲಿಯ ಇನ್ನೊಂದು ಶಾಸನದ ‘ತಾಮರೈಕ್ಕಿರೈ’ ಎಂಬ ಊರು ಎದುರಿಗಿರುವ ಈಗಿನ ತಾವರೆಕೆರೆಯೇ ಎಂದು ಇತಿಹಾಸಜ್ಞರು ಗುರುತಿಸಿದ್ದಾರೆ. ಆ ಹೆಸರುಗಳು ಅಷ್ಟು ಹಳೆಯವು ಎಂದು ಕಲ್ಲು ಹೇಳುತ್ತದೆ, ಮೊದಲು ಯಾರ ಬಾಯಲ್ಲಿ ಬಂತು ಎಂದು ಹೇಳುವುದಿಲ್ಲ. ವಿಜ್ಞಾನದ ಪದಗಳಲ್ಲಿ ಮಾತ್ರ ಕೆಲವೊಮ್ಮೆ ಆ ಭಾಗ್ಯ ಉಂಟು. ಭೌತವಿಜ್ಞಾನದ ಪ್ಲಾಸ್ಮಾ ಹುಟ್ಟಿದ ಕೋಣೆ ಗೊತ್ತು. ಪಕ್ಕದಲ್ಲಿದ್ದ ಇಬ್ಬರು ಅದನ್ನು ನೆನಪಿನಿಂದ ಬರೆದೂ ಇಟ್ಟಿದ್ದಾರೆ.

ಅಮೆರಿಕದ ಸ್ಕೆನೆಕ್ಟಡಿಯಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಸಂಶೋಧನಾಲಯ. ಅಲ್ಲಿ ಇರ್ವಿಂಗ್ ಲ್ಯಾಂಗ್ಮ್ಯೂರ್ ಗಾಜಿನ ಕೊಳವೆಗಳಲ್ಲಿ ತೆಳುವಾದ ಅನಿಲದ ಮೂಲಕ ವಿದ್ಯುತ್ ಹರಿಸಿ ಅಭ್ಯಾಸ ಮಾಡುತ್ತಿದ್ದ. ಕೊಳವೆಯ ಗೋಡೆಗೂ ಲೋಹದ ತುದಿಗೂ ಅಂಟಿದಂತೆ ಒಂದು ತೆಳು ಪದರ ಇರುತ್ತದೆ. ಅಲ್ಲಿ ಧನ ಋಣಗಳ ಲೆಕ್ಕ ಸರಿಹೋಗುವುದಿಲ್ಲ. ಅದಕ್ಕೆ ಅವನು ಮೊದಲೇ ‘ಒರೆ’ ಎಂಬರ್ಥದ ಹೆಸರಿಟ್ಟಿದ್ದ, ಕತ್ತಿಯ ಒರೆಯಂತೆ. ಆದರೆ ನಡುವಿನ ವಿಶಾಲ ಭಾಗಕ್ಕೆ ಹೆಸರಿರಲಿಲ್ಲ. ಅಲ್ಲಿ ಎಲೆಕ್ಟ್ರಾನುಗಳೂ ಅಯಾನುಗಳೂ ಸರಿಸಮವಾಗಿದ್ದು, ಒಟ್ಟಾರೆ ವಿದ್ಯುತ್ ಶೂನ್ಯ. ಅವನ ಸಹಾಯಕ ಲ್ಯೂಯಿ ಟಾಂಕ್ಸ್ 1967ರಲ್ಲಿ ಬರೆದ ನೆನಪಿನ ಪ್ರಕಾರ, ಲ್ಯಾಂಗ್ಮ್ಯೂರ್ ಒಂದು ದಿನ ಅವನ ಕೋಣೆಗೆ ಬಂದು ಈ ಭಾಗಕ್ಕೊಂದು ಹೆಸರು ಬೇಕು ಎಂದ, ಮರುದಿನ ತಾನೇ ‘ಪ್ಲಾಸ್ಮಾ’ ಎಂದು ಹೇಳಿಕೊಂಡು ಬಂದ. ಇನ್ನೊಬ್ಬ ಸಹಾಯಕ ಹೆರಾಲ್ಡ್ ಮಾಟ್-ಸ್ಮಿತ್ 1971ರಲ್ಲಿ ‘ನೇಚರ್’ ಪತ್ರಿಕೆಗೆ ಬರೆದ ಪತ್ರದಲ್ಲಿ ಕಾರಣವನ್ನೂ ಹೇಳಿದ: ರಕ್ತದ ಪ್ಲಾಸ್ಮಾ ಕೆಂಪುಕಣ, ಬಿಳಿಕಣ, ರೋಗಾಣುಗಳನ್ನು ಹೊತ್ತು ಸಾಗುವಂತೆ, ಈ ವಿದ್ಯುತ್ ಹರಿವು ಎಲೆಕ್ಟ್ರಾನು, ಅಯಾನು, ಕಲ್ಮಶಗಳನ್ನು ಹೊತ್ತು ಸಾಗುತ್ತದೆ ಎಂದು ಲ್ಯಾಂಗ್ಮ್ಯೂರನಿಗೆ ಹೊಳೆಯಿತು. 1928ರಲ್ಲಿ ಅಯಾನೀಕೃತ ಅನಿಲಗಳ ಕಂಪನಗಳ ಕುರಿತ ಲೇಖನದಲ್ಲಿ ಪದ ಅಚ್ಚಾಯಿತು. ಭೌತವಿಜ್ಞಾನಿಗಳು ಬಹುಕಾಲ ಈ ಹೆಸರನ್ನು ಒಪ್ಪಲಿಲ್ಲವಂತೆ. ವೈದ್ಯಕೀಯ ಪತ್ರಿಕೆಗಳವರು ಮಾತ್ರ ನಿಮ್ಮ ಲೇಖನದ ಪ್ರತಿ ಕಳಿಸಿ ಎಂದು ಕೇಳಿ ಕೇಳಿ ಬರೆಯುತ್ತಿದ್ದರು ಎಂದು ಮಾಟ್-ಸ್ಮಿತ್ ನೆನೆದಿದ್ದಾನೆ.

ಹೋಲಿಕೆ ಪೂರ್ತಿ ಸರಿಯಲ್ಲ. ರಕ್ತದಲ್ಲಿ ಕಣಗಳೇ ಬೇರೆ, ಅವನ್ನು ಹೊರುವ ದ್ರವವೇ ಬೇರೆ. ಕೊಳವೆಯೊಳಗೆ ಹೊರುವುದೂ ಹೊರಲ್ಪಡುವುದೂ ಅವೇ ಎಲೆಕ್ಟ್ರಾನು, ಅವೇ ಅಯಾನು. ಕಣಗಳನ್ನು ತೆಗೆದುಬಿಟ್ಟರೆ ಉಳಿಯುವ ದ್ರವ ಯಾವುದೂ ಇಲ್ಲ. ಆದರೂ ಲ್ಯಾಂಗ್ಮ್ಯೂರ್ ಹಿಡಿದ ಸುಳಿವು ಆಳವಾದದ್ದು. ಅವನಿಗೆ ಕಂಡದ್ದು ಬಿಸಿಯಲ್ಲ, ಕೂಡಿ ನಡೆಯುವ ಗುಣ. ಎಲ್ಲ ಕಣಗಳೂ ಒಂದರ ಸೆಳೆತಕ್ಕೆ ಇನ್ನೊಂದು ಸಿಕ್ಕಿ, ಒಟ್ಟಾಗಿ ಒಂದು ಮೈಯಂತೆ ವರ್ತಿಸುತ್ತವೆ. ಆ ಮೈಗೆ ಹೆಸರು ಪ್ಲಾಸ್ಮಾ.

ಇದಕ್ಕೆ ಸಾಕ್ಷಿ ದೂರದಲ್ಲಿಲ್ಲ. ಎಲ್‌ಇಡಿ ಬರುವ ತನಕ ಮಡಿವಾಳದ ಅಂಗಡಿ ಅಂಗಡಿಯಲ್ಲೂ ಉರಿಯುತ್ತಿದ್ದ ಟ್ಯೂಬ್‌ಲೈಟಿನ ಒಳಗಿದ್ದದ್ದು ಪ್ಲಾಸ್ಮಾ, ಲ್ಯಾಂಗ್ಮ್ಯೂರ್ ಹೆಸರಿಟ್ಟದ್ದಕ್ಕೆ ಹತ್ತಿರದ ನೆಂಟ. ಕಡಿಮೆ ಒತ್ತಡದ ಪಾದರಸದ ಆವಿ. ಅದರ ಎಲೆಕ್ಟ್ರಾನುಗಳ ತಾಪ ಹತ್ತು ಸಾವಿರ ಡಿಗ್ರಿಯ ಆಸುಪಾಸು. ಹಾಗಿದ್ದೂ ಕೊಳವೆಯನ್ನು ಬರಿಗೈಯಲ್ಲಿ ಮುಟ್ಟಬಹುದು, ಏಕೆಂದರೆ ಎಲೆಕ್ಟ್ರಾನುಗಳು ಅತಿ ಹಗುರ, ಅವುಗಳ ಸಂಖ್ಯೆಯೂ ಕಡಿಮೆ, ಮಿಕ್ಕ ಅನಿಲ ತಣ್ಣಗೇ ಇರುತ್ತದೆ. ‘ಕಾದ ಅನಿಲವೇ ಪ್ಲಾಸ್ಮಾ’ ಎಂಬ ವಿವರಣೆ ಈ ಟ್ಯೂಬ್‌ಲೈಟಿನ ಎದುರೇ ಸೋಲುತ್ತದೆ.

ಕೂಡಿ ನಡೆಯುವುದು ಎಂದರೆ ಹೇಗೆ? ಮಡಿವಾಳದ ತರಕಾರಿ ಮಾರುಕಟ್ಟೆಗೆ ಬೆಳಗಿನ ಜಾವ ಟೊಮೆಟೊ ಲಾರಿಯೊಂದು ಬಂದು ನಿಂತಿತೆನ್ನಿ. ಹತ್ತಿರವಿದ್ದ ವ್ಯಾಪಾರಿಗಳು ಕ್ಷಣದಲ್ಲಿ ಅದನ್ನು ಸುತ್ತುವರಿಯುತ್ತಾರೆ. ಇಪ್ಪತ್ತು ಹೆಜ್ಜೆ ಆಚೆ ನಿಂತವನಿಗೆ ಜನರ ಬೆನ್ನು ಕಾಣುತ್ತದೆಯೇ ಹೊರತು ಲಾರಿ ಕಾಣದು. ಅದರ ಸೆಳೆತ ಅವನನ್ನು ಮುಟ್ಟುವುದಿಲ್ಲ. ಪ್ಲಾಸ್ಮಾದೊಳಗೆ ಒಂದು ಧನ ಅಯಾನನ್ನು ಇಟ್ಟರೆ ಎಲೆಕ್ಟ್ರಾನುಗಳು ಹೀಗೇ ಅದನ್ನು ಮುಸುಕುತ್ತವೆ. ಮುಸುಕಿನ ಅಳತೆಗೆ ಪೀಟರ್ ಡೆಬೈ ಹೆಸರಿದೆ. 1923ರಲ್ಲಿ ಅವನೂ ಎರಿಕ್ ಹ್ಯೂಕೆಲನೂ ಅದನ್ನು ಲೆಕ್ಕಹಾಕಿದ್ದು ಲವಣದ ದ್ರಾವಣಗಳಿಗಾಗಿ. ಆ ಅಳತೆಗಿಂತ ಅನಿಲದ ಹರವು ಬಹಳ ದೊಡ್ಡದಿದ್ದು, ಅಷ್ಟು ಜಾಗದೊಳಗೆ ಸಾಕಷ್ಟು ಕಣಗಳಿದ್ದರೆ ಮಾತ್ರ ಅದು ಪ್ಲಾಸ್ಮಾ. ಅಲ್ಲೊಂದು ಇಲ್ಲೊಂದು ಅಯಾನು ಇದ್ದ ಮಾತ್ರಕ್ಕೆ ಆಗುವುದಿಲ್ಲ.

ಈ ಕಾರಣಕ್ಕೇ ಕನ್ನಡದಲ್ಲಿ ಬಳಸುವ ‘ಅಯಾನೀಕೃತ ಅನಿಲ’ ಎಂಬ ಮಾತನ್ನು ಪ್ಲಾಸ್ಮಾಕ್ಕೆ ಪರ್ಯಾಯವಾಗಿ ನಾನು ಒಪ್ಪಲಾರೆ. ವಿವರಣೆಯಾಗಿ ಅದು ಪರವಾಗಿಲ್ಲ, ಹೆಸರಾಗಿ ಸಾಲದು. ಪ್ಲಾಸ್ಮಾಗಳೆಲ್ಲ ಅಯಾನೀಕೃತ, ಅಯಾನೀಕೃತವಾದದ್ದೆಲ್ಲ ಪ್ಲಾಸ್ಮಾ ಅಲ್ಲ. ಪಂಚಭೂತಗಳ ತೇಜಸ್ಸೇ ಪ್ಲಾಸ್ಮಾ ಎಂದು ಹೇಳುವವರೂ ಇದ್ದಾರೆ. ತೇಜಸ್ಸು ಕಣಾದರಿಂದ ಆಯುರ್ವೇದದವರೆಗೆ ತನ್ನದೇ ವಿಚಾರದ ನೆಲೆಯಲ್ಲಿ ದುಡಿದ ಪದ. ಕಣ್ಣಿನ ನೋಟ, ಹೊಟ್ಟೆಯ ಹಸಿವು, ಚಿನ್ನದ ಹೊಳಪು ಎಲ್ಲಕ್ಕೂ ಅದರ ನಂಟಿದೆ. ಅದನ್ನು ತಂದು ಡೆಬೈ ಅಳತೆಗೆ ಕೂಡಿಸಿದರೆ ಎರಡಕ್ಕೂ ಅನ್ಯಾಯ. ಪ್ಲಾಸ್ಮಾ ಎಂದೇ ಇಟ್ಟುಕೊಳ್ಳೋಣ. ಪ್ಲಾಸ್ಮಾವನ್ನು, ಪ್ಲಾಸ್ಮಾದ, ಪ್ಲಾಸ್ಮಾದಲ್ಲಿ ಎಂದು ನಮ್ಮ ವಿಭಕ್ತಿಗಳು ಅದನ್ನು ಆಗಲೇ ಪಳಗಿಸಿಕೊಂಡಿವೆ.

‘ನಾಲ್ಕನೆಯ ಸ್ಥಿತಿ’ ಎಂಬ ಕ್ರೂಕ್ಸ್ ಕಾಲದ ಎಣಿಕೆಯನ್ನು ಪ್ರಶ್ನಿಸಿದವರೂ ಮಡಿವಾಳಕ್ಕೆ ಹತ್ತಿರದವರೇ. ಐಐಎಯಲ್ಲಿ ದೀರ್ಘಕಾಲ ಪ್ರಾಧ್ಯಾಪಕರಾಗಿದ್ದ ವಿನೋದ್ ಕ್ರಿಶನ್ ಸೈದ್ಧಾಂತಿಕ ಪ್ಲಾಸ್ಮಾ ವಿಜ್ಞಾನಿ. ಖಭೌತ ಪ್ಲಾಸ್ಮಾಗಳ ಮೇಲೆ ಪಠ್ಯಗ್ರಂಥ ಬರೆದವರು. 2014ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಮುದ್ರಣಾಲಯ ಹೊರತಂದ ತಮ್ಮ ಇನ್ನೊಂದು ಪುಸ್ತಕಕ್ಕೆ ಅವರು ಇಟ್ಟ ಹೆಸರಿನ ಅರ್ಥವೇ ‘ಪ್ಲಾಸ್ಮಾಗಳು: ದ್ರವ್ಯದ ಮೊದಲ ಸ್ಥಿತಿ’. ವಿಶ್ವದ ಕಾಲಗಣನೆಯಲ್ಲಿ ನೋಡಿದರೆ ಇದೇ ಸರಿ. ಮಹಾಸ್ಫೋಟದ ನಂತರ ಸುಮಾರು 3,80,000 ವರ್ಷಗಳವರೆಗೆ ಪರಮಾಣುಗಳಿರಲಿಲ್ಲ, ಇದ್ದದ್ದು ಪ್ಲಾಸ್ಮಾ. ತಣಿದ ಮೇಲೆ ಅನಿಲ, ಆಮೇಲೆ ದ್ರವ, ಘನ. ಇಂದಿಗೂ ಕಣ್ಣಿಗೆ ಕಾಣುವ ಬ್ರಹ್ಮಾಂಡದ ಬಹುಪಾಲು ಪ್ಲಾಸ್ಮಾವೇ. ಘನ ನೆಲದ ಮೇಲೆ ಕೂತು ನೀರು ಕುಡಿದು ಗಾಳಿ ಉಸಿರಾಡುವವರು ಎಣಿಸಿದ್ದರಿಂದ ಅದು ನಾಲ್ಕನೆಯದಾಯಿತು. ‘ನಾಲ್ಕನೆಯ’ ಎಂಬ ವಿಶೇಷಣವನ್ನು ನಮ್ಮ ಪಾಠಗಳಿಂದ ತೆಗೆದರೆ ಏನೂ ನಷ್ಟವಿಲ್ಲ.

ಮನೆಮಾತಿಗೆ ಪ್ಲಾಸ್ಮಾ ಬಂದದ್ದು ಎರಡು ಅಲೆಗಳಲ್ಲಿ. ಮೊದಲನೆಯದು ಈ ಶತಮಾನದ ಆರಂಭದ ಪ್ಲಾಸ್ಮಾ ಟೀವಿ. ಅದು ಬಂದಷ್ಟೇ ಬೇಗ ಹೋಯಿತು. ಎರಡನೆಯದು 2020ರ ಸಾಂಕ್ರಾಮಿಕ. ಗುಣವಾದವರ ರಕ್ತದ ಪ್ಲಾಸ್ಮಾ ಕೊಟ್ಟರೆ ರೋಗಿ ಉಳಿಯುತ್ತಾನೆ ಎಂಬ ಆಸೆಯಲ್ಲಿ ಊರೆಲ್ಲ ದಾನಿಗಳಿಗಾಗಿ ಹುಡುಕಾಡಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯಲ್ಲಿ ಇದರಿಂದ ಸಾವು ಕಡಿಮೆಯಾಗಲಿಲ್ಲ ಎಂದು ಗೊತ್ತಾಯಿತು. 2021ರ ಮೇ ತಿಂಗಳಲ್ಲಿ ಅದನ್ನು ಚಿಕಿತ್ಸೆಯ ಸೂಚನೆಗಳಿಂದ ಕೈಬಿಟ್ಟರು.

ಸಾಂಕ್ರಾಮಿಕದ ಆ ದಿನಗಳಲ್ಲಿ ಕನ್ನಡ ಪತ್ರಿಕೆಗಳ ಒಂದೇ ಪುಟದಲ್ಲಿ ‘ಕೊರೊನಾ’ ಮತ್ತು ‘ಪ್ಲಾಸ್ಮಾ’ ಜೊತೆಜೊತೆಯಾಗಿ ಬರುತ್ತಿದ್ದವು. ಅದಕ್ಕೂ ಹಿಂದೆ ಈ ಎರಡು ಪದ ಹಾಗೆ ಒಟ್ಟಿಗೆ ಇರುತ್ತಿದ್ದದ್ದು ಐಐಎಯಂಥ ಕಡೆ, ಬೇರೆಯೇ ಅರ್ಥದಲ್ಲಿ. ಲ್ಯಾಟಿನ್ನಿನಲ್ಲಿ ಕರೋನಾ ಎಂದರೆ ಕಿರೀಟ. ಗ್ರಹಣದ ಹೊತ್ತಿನಲ್ಲಿ ಸೂರ್ಯನ ಸುತ್ತ ಕಾಣುವ ಬಿಳಿ ಪ್ರಭೆಗೆ ಆ ಹೆಸರು. 1968ರಲ್ಲಿ ವೈರಾಣು ವಿಜ್ಞಾನಿಗಳು ಸೂಕ್ಷ್ಮದರ್ಶಕದಲ್ಲಿ ಕಂಡ ಒಂದು ಬಗೆಯ ವೈರಸ್ಸಿನ ಅಂಚು ಸೂರ್ಯನ ಕರೋನಾದಂತೆ ಕಾಣುತ್ತದೆಂದು ಆ ಹೆಸರನ್ನು ಆಯ್ದರು. ರಕ್ತ ಪ್ಲಾಸ್ಮಾವನ್ನು ಭೌತವಿಜ್ಞಾನಕ್ಕೆ ಕೊಟ್ಟಿತ್ತು; ನಲವತ್ತು ವರ್ಷಕ್ಕೆ ಸೂರ್ಯ ತನ್ನ ಕರೋನಾವನ್ನು ವೈದ್ಯಕ್ಕೆ ಕೊಟ್ಟ. ಪದಗಳ ಇಂಥ ಕೊಡುಕೊಳು ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಈಗ ಆ ಹಸಿರು ಗೆರೆ. ಕರೋನಿಯಂ ಎಂಬ ಧಾತು ಇಲ್ಲವೇ ಇಲ್ಲ ಎಂದು ತೋರಿಸಿದವರು ಜರ್ಮನಿಯ ವಾಲ್ಟರ್ ಗ್ರೋಟ್ರಿಯಾನ್ ಮತ್ತು ಸ್ವೀಡನ್ನಿನ ಬೆಂಗ್ಟ್ ಎಡ್ಲೆನ್. 1939ರಿಂದ 40ರ ದಶಕದ ಆರಂಭದವರೆಗಿನ ಕೆಲಸ. ಗೆರೆ ಕಬ್ಬಿಣದ್ದು, ಆದರೆ ತನ್ನ 26 ಎಲೆಕ್ಟ್ರಾನುಗಳಲ್ಲಿ 13ನ್ನು ಕಳೆದುಕೊಂಡ ಕಬ್ಬಿಣದ್ದು. ಅಷ್ಟನ್ನು ಕಿತ್ತು ತೆಗೆಯಲು ಇಪ್ಪತ್ತು ಲಕ್ಷ ಡಿಗ್ರಿಯಷ್ಟು ಬಿಸಿ ಬೇಕು. ಸೂರ್ಯನ ಕಾಣುವ ಮೇಲ್ಮೈ ಸುಮಾರು 5,500 ಡಿಗ್ರಿ. ಒಲೆಯಿಂದ ದೂರ ಹೋದಷ್ಟೂ ಬಿಸಿ ಹೆಚ್ಚುವುದೆಂದರೆ ಏನು? ಕರೋನಿಯಂ ಎಂಬ ಸುಳ್ಳು ಹೆಸರು ಬಿದ್ದುಹೋದ ಜಾಗದಲ್ಲಿ ಈ ನಿಜವಾದ ಪ್ರಶ್ನೆ ಎದ್ದು ನಿಂತಿತು. ಇಂದಿಗೂ ಪೂರ್ತಿ ಉತ್ತರ ಸಿಕ್ಕಿಲ್ಲ.

ಐಐಎಯ ವಂಶಾವಳಿಯಲ್ಲಿ ಸೂರ್ಯನ ಈ ಹುಡುಕಾಟ ಬಹಳ ಹಿಂದಿನದು. ಅದರ ಕೊಡೈಕೆನಾಲ್ ವೀಕ್ಷಣಾಲಯದಲ್ಲಿ 1909ರಲ್ಲಿ ಜಾನ್ ಎವರ್ಷೆಡ್ ಸೂರ್ಯಕಲೆಗಳಿಂದ ಹೊರಕ್ಕೆ ಹರಿವ ಅನಿಲವನ್ನು ಕಂಡುಹಿಡಿದ. ವೇಣು ಬಾಪು ಅವರ ಮುಂದಾಳತ್ವದಲ್ಲಿ 1971ರಲ್ಲಿ ಸಂಸ್ಥೆ ಸ್ವಾಯತ್ತವಾಯಿತು, 1975ರಲ್ಲಿ ಬೆಂಗಳೂರಿಗೆ ಬಂತು. ಬೆಂಗಳೂರಿನ ಉತ್ತರಕ್ಕೆ ಗೌರಿಬಿದನೂರಿನ ಬಳಿ ರಾಮನ್ ಸಂಶೋಧನಾ ಸಂಸ್ಥೆಯ ಜೊತೆ ಸೇರಿ 1970ರ ದಶಕದಲ್ಲಿ ರೇಡಿಯೋ ದೂರದರ್ಶಕ ಕಟ್ಟಿತು. ಬಯಲಿನಲ್ಲಿ ಸಾಲುಸಾಲಾಗಿ ನಿಂತ ಆಂಟೆನಾಗಳು 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶಕ್ಕೆ ಕಿವಿಗೊಟ್ಟವು. ಆಮೇಲೆ ಅಲ್ಲಿಯೇ ಸೂರ್ಯನಿಗಾಗಿಯೇ ರೇಡಿಯೋಹೀಲಿಯೋಗ್ರಾಫ್ ಬಂತು.

ಗೌರಿಬಿದನೂರಿನಲ್ಲಿ ಲ್ಯಾಂಗ್ಮ್ಯೂರನ 1928ರ ಲೇಖನ ಮತ್ತೆ ಎದುರಾಗುತ್ತದೆ. ಪ್ಲಾಸ್ಮಾದ ಎಲೆಕ್ಟ್ರಾನುಗಳನ್ನು ಒಂದಿಷ್ಟು ಪಕ್ಕಕ್ಕೆ ತಳ್ಳಿದರೆ ಅಯಾನುಗಳು ಹಿಂದಕ್ಕೆಳೆಯುತ್ತವೆ, ಅವು ವೇಗದಲ್ಲಿ ಆಚೆ ದಾಟುತ್ತವೆ, ಮತ್ತೆ ಹಿಂದಕ್ಕೆ. ಹೀಗೆ ಇಡೀ ಪ್ಲಾಸ್ಮಾ ಒಂದು ನಿಶ್ಚಿತ ಆವರ್ತನದಲ್ಲಿ ಕಂಪಿಸುತ್ತದೆ. ಆ ಆವರ್ತನ ಎಲೆಕ್ಟ್ರಾನುಗಳ ಸಾಂದ್ರತೆಯೊಂದನ್ನೇ ಅವಲಂಬಿಸಿದೆ. ಸೂರ್ಯನ ಮೇಲೆ ಸ್ಫೋಟವಾದಾಗ ಎಲೆಕ್ಟ್ರಾನುಗಳ ಬಾಣವೊಂದು ಕರೋನಾವನ್ನು ಸೀಳಿಕೊಂಡು ಹೊರಟು, ಹಾದಿಯುದ್ದಕ್ಕೂ ಈ ಲ್ಯಾಂಗ್ಮ್ಯೂರ್ ಅಲೆಗಳನ್ನು ಎಬ್ಬಿಸುತ್ತದೆ. ಅವುಗಳಲ್ಲಿ ಒಂದಂಶ ರೇಡಿಯೋ ಅಲೆಗಳಾಗಿ ಬದಲಾಗಿ ಭೂಮಿಗೆ ಬರುತ್ತದೆ. 80 ಮೆಗಾಹರ್ಟ್ಸ್‌ನಲ್ಲಿ ಮೂಲ ಕಂಪನವೇ ಕೇಳಿದರೆ ಅಲ್ಲಿ ಘನ ಸೆಂಟಿಮೀಟರಿಗೆ ಎಂಟು ಕೋಟಿ ಎಲೆಕ್ಟ್ರಾನುಗಳಿವೆ ಎಂದು ಲೆಕ್ಕ, 34.5ಕ್ಕೆ ಇಳಿದರೆ ಒಂದೂವರೆ ಕೋಟಿ, ಅಂದರೆ ಬಾಣ ಇನ್ನೂ ಮೇಲೇರಿದೆ. ಕೇಳಿದ ಶ್ರುತಿಯಿಂದಲೇ ಎತ್ತರ ತಿಳಿಯುವ ವಿದ್ಯೆ ಇದು.

ಇನ್ನೊಂದು ಕಣ್ಣು ಬಾಹ್ಯಾಕಾಶದಲ್ಲಿದೆ. ಇಸ್ರೋದ ಆದಿತ್ಯ-ಎಲ್1 ನೌಕೆ 2023ರ ಸೆಪ್ಟೆಂಬರ್ 2ರಂದು ಹೊರಟು 2024ರ ಜನವರಿ 6ರಂದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ತನ್ನ ಕಕ್ಷೆ ಸೇರಿತು. ಅದರ ಮುಖ್ಯ ಉಪಕರಣ ವೆಲ್ಕ್ ಎಂಬ ಕರೋನಾದರ್ಶಕವನ್ನು ಐಐಎ ತನ್ನ ಹೊಸಕೋಟೆಯ ಆವರಣದಲ್ಲಿ ಜೋಡಿಸಿತು. ಸೂರ್ಯನ ಬಿಂಬವನ್ನು ಒಳಗೇ ಮರೆಮಾಡಿ ಅದು ಸದಾಕಾಲದ ಗ್ರಹಣ ಕಲ್ಪಿಸಿಕೊಳ್ಳುತ್ತದೆ. ಹರ್ಷೆಲನಿಗೆ ಜಮಖಂಡಿಯ ಮೋಡದ ನಡುವೆ ಸಿಕ್ಕಿದ್ದು ಕೆಲವು ಕ್ಷಣ. ಇದಕ್ಕೆ ಮೋಡದ ಕಾಟವೇ ಇಲ್ಲ. ವೆಲ್ಕ್ ಗಮನವಿಡುವ ಗೆರೆಗಳಲ್ಲಿ ಮೊದಲನೆಯದು 5303 ಆಂಗ್‌ಸ್ಟ್ರಾಮಿನ ಹಸಿರು, 1869ರ ಅದೇ ಗೆರೆ. ಅದೇ ನೌಕೆಯಲ್ಲಿ ತಿರುವನಂತಪುರದವರ ‘ಪಾಪಾ’ ಎಂಬ ಉಪಕರಣ ಸೌರಮಾರುತದ ಕಣಗಳನ್ನು ನೇರವಾಗಿ ಹಿಡಿದು ಅಳೆಯುತ್ತದೆ. 2024ರ ಜುಲೈ 16ರಂದು ಸೂರ್ಯನಿಂದ ಚಿಮ್ಮಿದ ಒಂದು ದೊಡ್ಡ ಪ್ಲಾಸ್ಮಾ ಮುದ್ದೆ ಯಾವ ಗಳಿಗೆಯಲ್ಲಿ ಹೊರಟಿತು ಎಂಬುದನ್ನು ವೆಲ್ಕ್ ತಂಡ ಮೇಲ್ಮೈಗೆ ತೀರ ಹತ್ತಿರದಿಂದಲೇ ಗುರುತಿಸಿತು. ಇಂಥವು ಭೂಮಿಯತ್ತ ಬಂದರೆ ಉಪಗ್ರಹಗಳಿಗೂ ವಿದ್ಯುತ್ ಜಾಲಕ್ಕೂ ಕುತ್ತು, ಆದ್ದರಿಂದ ಹೊರಟ ಗಳಿಗೆ ತಿಳಿಯುವುದಕ್ಕೆ ಬೆಲೆಯಿದೆ.

ಕರೋನಾ ಕಾಯುವುದು ಹೇಗೆ ಎಂಬುದಕ್ಕೆ ಈಗ ಎರಡು ವಾದಗಳು ಮುಂದಿವೆ. ಒಂದು, ಹ್ಯಾನೆಸ್ ಆಲ್ಫ್ವೆನ್ 1942ರಲ್ಲಿ ಊಹಿಸಿದ ಅಲೆಗಳು: ಕಾಂತಬಲದ ಗೆರೆಗಳು ತಂತಿಗಳಂತೆ ಕಂಪಿಸಿ ಕೆಳಗಿನ ಶಕ್ತಿಯನ್ನು ಮೇಲಕ್ಕೊಯ್ದು ಚೆಲ್ಲುತ್ತವೆ ಎಂಬುದು. ಇನ್ನೊಂದು, 1988ರಲ್ಲಿ ಯೂಜೀನ್ ಪಾರ್ಕರ್ ಮುಂದಿಟ್ಟದ್ದು: ಕಾಂತಗೆರೆಗಳು ಹೆಣೆದುಕೊಂಡು, ಬಿಗಿದು, ಕಡಿದು ಮತ್ತೆ ಕೂಡಿಕೊಳ್ಳುವಾಗ ಲೆಕ್ಕವಿಲ್ಲದಷ್ಟು ಪುಟ್ಟ ಸ್ಫೋಟಗಳಾಗುತ್ತವೆ ಎಂಬುದು. ಎರಡರಲ್ಲೂ ಕೆಲಸ ಕಾಂತಕ್ಷೇತ್ರದ್ದೇ. ಗ್ರಹಣದ ಚಿತ್ರಗಳಲ್ಲಿ ಕಾಣುವ ಕಮಾನು, ಕುಚ್ಚು, ಗರಿಗಳೆಲ್ಲ ಕಾಂತಕ್ಷೇತ್ರ ಪ್ಲಾಸ್ಮಾವನ್ನು ತಿದ್ದಿ ಮಾಡಿದ ರೂಪಗಳು. ಗಾಂಧೀನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆ ಕಾಂತಗಳ ನಡುವೆ ಪ್ಲಾಸ್ಮಾಕ್ಕೆ ಬಳೆಯ ಆಕಾರ ಕೊಟ್ಟು ಹಿಡಿದಿಡುವ ಪ್ರಯತ್ನವನ್ನು 1989ರಿಂದ ನಡೆಸಿದೆ. ಅವರ ಆ ಮೊದಲ ಯಂತ್ರದ ಹೆಸರೂ ಆದಿತ್ಯ. ‘ರೂಪಗೊಂಡದ್ದು’ ಎಂಬ ಗ್ರೀಕ್ ಅರ್ಥ ಲ್ಯಾಂಗ್ಮ್ಯೂರನಿಗೆ ಬೇಕಿರಲಿಲ್ಲ. ಈಗ ಪ್ಲಾಸ್ಮಾ ಸಂಶೋಧನೆ ನಡೆಯುವಲ್ಲೆಲ್ಲ ಆ ಅರ್ಥಕ್ಕೇ ಕೆಲಸ.

ಕರೋನಾದ ಕಾಂತಕ್ಷೇತ್ರವನ್ನು ನೇರವಾಗಿ ಅಳೆಯುವುದು ಕಷ್ಟ, ಏಕೆಂದರೆ ಅದು ಬಹಳ ದುರ್ಬಲ, ಬೆಳಕೂ ಮಂದ. ವೆಲ್ಕ್‌ನ ಮೂರನೆಯ ಗೆರೆ 10747 ಆಂಗ್‌ಸ್ಟ್ರಾಮಿನ ಅವಕೆಂಪು; ಇದೂ ಕಬ್ಬಿಣದ್ದೇ, 12 ಎಲೆಕ್ಟ್ರಾನು ಕಳೆದುಕೊಂಡದ್ದು. ಕಾಂತಕ್ಷೇತ್ರದಲ್ಲಿ ಸಿಕ್ಕಿದಾಗ ಈ ಗೆರೆಯ ಬೆಳಕಿನ ಧ್ರುವೀಕರಣ ಸೂಕ್ಷ್ಮವಾಗಿ ಬದಲಾಗುತ್ತದೆ, ಆ ಬದಲಾವಣೆಯಿಂದ ಕ್ಷೇತ್ರದ ದಿಕ್ಕನ್ನೂ ಬಲವನ್ನೂ ಬಿಡಿಸಬಹುದು. ಆಲ್ಫ್ವೆನ್ ಅಲೆಗಳೋ ಪಾರ್ಕರನ ಕಿಡಿಗಳೋ, ಅಥವಾ ಎಲ್ಲೆಲ್ಲಿ ಯಾವುದು ಎಷ್ಟು ಎಂಬುದನ್ನು ತೂಗಲು ಬೇಕಾದ ಅಂಕಿಗಳು ಇಂಥ ಅಳತೆಗಳಿಂದಲೇ ಬರಬೇಕಾಗಿವೆ.